ಮೂರನೇ ಸಲ ಸಿಕ್ಕಿಬಿದ್ದವನು

ಶುಕ್ರವಾರದ ಊಟ ಮುಗಿದ ಮೇಲೆ ನಮ್ಮಲ್ಲಿ ಆಗಾಗ ಬರುವ ಮಾತೊಂದಿದೆ: "ಇಲ್ಲಿಯ ಹಾಗೆ ಬಿಗಿ ಕಾನೂನು ಊರಲ್ಲೂ ಬರಬೇಕು. ಮತ್ತೆ ಮತ್ತೆ ಕದಿಯುವವನನ್ನು ಹೊರಗೇ ಬಿಡಬಾರದು." ಜರ್ಮನಿ ಇದನ್ನು ಮಾಡಿ ನೋಡಿದ ದೇಶ.

ಈ ಆಲೋಚನೆ ಹಿಟ್ಲರನದಲ್ಲ. ತಿದ್ದಲಾಗದವರನ್ನು ಅವಧಿಯಿಲ್ಲದೆ ಕೂಡಿಹಾಕಬೇಕೆಂದು 1882ರಲ್ಲೇ ಮಾರ್ಬುರ್ಗ್‌ನ ಕಾನೂನು ಪಂಡಿತ ಫ್ರಾಂಜ್ ಫಾನ್ ಲಿಸ್ಟ್ ವಾದಿಸಿದ್ದ. ಅದು ಕಾನೂನಾದದ್ದು ಮಾತ್ರ ನಾಜಿಗಳ ಕೈಯಲ್ಲಿ, 1933ರ ನವೆಂಬರ್ 24ರಂದು. ಎರಡು ಸಲ ಶಿಕ್ಷೆಯಾದವನು ಮತ್ತೆ ಸಿಕ್ಕಿಬಿದ್ದರೆ ಹೆಚ್ಚಿನ ಶಿಕ್ಷೆ. ಅದು ಮುಗಿದ ಮೇಲೂ 'ಭದ್ರತಾ ಬಂಧನ'. ಮೊದಲ ವರ್ಷವೇ 3,500ಕ್ಕೂ ಹೆಚ್ಚು ಜನರಿಗೆ ಈ ಆದೇಶವಾಯಿತು. ಕೊಲೆಗಡುಕರೇ ಇರಬೇಕೆಂದುಕೊಳ್ಳುತ್ತೇವೆ. ಹೆಚ್ಚಿನವರು ಸಣ್ಣಪುಟ್ಟ ಕಳ್ಳತನ, ಮೋಸ ಮಾಡಿದವರು.

ಅಪರಾಧ ಇಳಿಯಿತೇ? ಕೋರ್ಟಿನ ಲೆಕ್ಕದಲ್ಲಿ ಇಳಿಯಿತು, ಸರ್ಕಾರ ಅದರ ಕೀರ್ತಿಯನ್ನು ತನ್ನ ಬಿಗಿತನಕ್ಕೆ ಕೊಟ್ಟುಕೊಂಡಿತು. ಆದರೆ 1932ರ ಆರಂಭದಲ್ಲಿ 60 ಲಕ್ಷವಿದ್ದ ನಿರುದ್ಯೋಗಿಗಳು 1936ರಲ್ಲಿ ಸುಮಾರು 16 ಲಕ್ಷಕ್ಕೆ ಇಳಿದಿದ್ದರು. ಹಸಿದು ಕದಿಯುವವರೂ ಅಷ್ಟು ಕಡಿಮೆಯಾದರು. 1934 ಮತ್ತು 1936ರ ಕ್ಷಮಾದಾನಗಳಲ್ಲಿ ಎಷ್ಟೋ ಸಣ್ಣ ಪ್ರಕರಣಗಳೂ ಬಿದ್ದುಹೋದವು. ಇನ್ನು ಸರ್ಕಾರದವರೇ ಮಾಡಿದ ಕೊಲೆ, ಸುಲಿಗೆಗಳು ಯಾವ ಲೆಕ್ಕಕ್ಕೂ ಬರಲಿಲ್ಲವೆನ್ನಿ!

1942ರ ಸೆಪ್ಟೆಂಬರ್‌ನಲ್ಲಿ ನ್ಯಾಯಮಂತ್ರಿ ತೀರಾಕ್ ಇಂಥ ಬಂಧಿತರನ್ನು ಹಿಮ್ಲರನಿಗೆ ಒಪ್ಪಿಸಲು ಸಮ್ಮತಿಸಿದ. ದುಡಿಸಿ ದುಡಿಸಿ ಕೊಲ್ಲುವುದೇ ಉದ್ದೇಶ. ಸಾವಿರಾರು ಮಂದಿ ಮೌಟ್‌ಹೌಸೆನ್‌ನಂಥ ಶಿಬಿರಗಳಲ್ಲಿ ಸತ್ತರು.

ಅಚ್ಚರಿಯೆಂದರೆ, ಯುದ್ಧ ಮುಗಿದರೂ ಪಶ್ಚಿಮ ಜರ್ಮನಿಯಲ್ಲಿ ಭದ್ರತಾ ಬಂಧನ ಉಳಿಯಿತು. 1970ರ ಹೊತ್ತಿಗೆ ಅದಕ್ಕೆ ಕಡಿವಾಣ ಬಿತ್ತು, 1998ರಲ್ಲಿ ಮತ್ತೆ ಸಡಿಲಾಯಿತು. 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, 2011ರಲ್ಲಿ ಜರ್ಮನಿಯದೇ ಸಂವಿಧಾನ ನ್ಯಾಯಾಲಯ ಅದನ್ನು ತಪ್ಪೆಂದವು. ಅಪಾಯಕಾರಿಗಳೆಂದು ತಜ್ಞರು ಬರೆದುಕೊಟ್ಟಿದ್ದರೂ ಕಾನೂನಿನ ಅಡ್ಡಿಯಿಂದ ಹೊರಬಂದವರನ್ನು ಬೋಹುಮ್‌ನ ಸಂಶೋಧಕ ಮಿಖಾಯೆಲ್ ಆಲೆಕ್ಸ್ ಹಿಂಬಾಲಿಸಿ ನೋಡಿದರು. ಹೆಚ್ಚಿನವರು ಮತ್ತೆ ಘೋರ ಅಪರಾಧ ಮಾಡಿರಲಿಲ್ಲ. ಮಾಡಿದವರೂ ಇದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಯಾರು ಮಾಡುತ್ತಾರೆಂದು ಮೊದಲೇ ಹೇಳಲು ತಜ್ಞರಿಗೂ ಆಗಿರಲಿಲ್ಲ.

ನಾವೇನೂ ದೂರದವರಲ್ಲ. ಬ್ರಿಟಿಷರು 1871ರಲ್ಲಿ ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿಮಾಡಿದರು. ಹುಬ್ಬಳ್ಳಿ, ಗದಗಗಳ ಸೆಟ್ಲ್‌ಮೆಂಟುಗಳು ಅದರ ಕುರುಹು. 1952ರಲ್ಲಿ ಆ ಕಾಯ್ದೆ ಹೋಯಿತು, ಆದರೆ 'ರೂಢಿಗತ ಅಪರಾಧಿ' ಎಂಬ ಹೆಸರಿನ 1961ರ ಕಾಯ್ದೆ ನಮ್ಮ ರಾಜ್ಯಕ್ಕೂ ಬಂತು.

ಹಿಟ್ಲರನ ಕಾಲದಲ್ಲಿ 'ವೃತ್ತಿಪರ ಅಪರಾಧಿ' ಎಂಬ ಹಣೆಪಟ್ಟಿ ಹೊತ್ತು ಶಿಬಿರ ಸೇರಿದವರೂ ನಾಜಿ ದೌರ್ಜನ್ಯಕ್ಕೆ ಬಲಿಯಾದವರೇ ಎಂದು ಜರ್ಮನಿಯ ಸಂಸತ್ತು ಒಪ್ಪಿದ್ದು 2020ರ ಫೆಬ್ರವರಿಯಲ್ಲಿ.