ಸಂದರ್ಶಕ ವೀಸಾ ನಿರಾಕರಣೆ: ಬ್ರಿಟನ್ನಿನಲ್ಲಿ ಮೇಲ್ಮನವಿಯ ಇತಿಹಾಸ

ಬ್ರಿಟನ್ನಿಗೆ ಹೋಗಿಬರಲು ಕೇಳಿದ ವೀಸಾ ಸಿಗದಿದ್ದಾಗ ಅದನ್ನು ಸ್ವತಂತ್ರ ನ್ಯಾಯಮಂಡಳಿಯ ಮುಂದೆ ಪ್ರಶ್ನಿಸುವ ಹಕ್ಕು 1969ರ ಕಾಯ್ದೆಯಿಂದ ಬಂತು. 1993ರಲ್ಲಿ ಅದು ರದ್ದಾಯಿತು. 2000ದಲ್ಲಿ ಬಂಧುಗಳನ್ನು ನೋಡಲು ಹೋಗುವವರಿಗೆ ಮಾತ್ರ ಮರಳಿತು, 2013ರಲ್ಲಿ ಅವರಿಂದಲೂ ಕೈತಪ್ಪಿತು. ಈ ಅವಧಿಯುದ್ದಕ್ಕೂ ಹಕ್ಕು ಎಷ್ಟು ಜನರ ಕೈಗೆಟುಕುತ್ತದೆ ಎಂಬುದನ್ನು ತೀರ್ಮಾನಿಸಿದ್ದು ಶುಲ್ಕ, ಗಡುವು, ಸಾಕ್ಷ್ಯದ ನಿಯಮ ಮತ್ತು ಬಂಧುಗಳ ಪಟ್ಟಿ.

1962ರ ಕಾಮನ್‌ವೆಲ್ತ್ ವಲಸಿಗರ ಕಾಯ್ದೆ ಭಾರತವೂ ಸೇರಿದಂತೆ ಕಾಮನ್‌ವೆಲ್ತ್ ದೇಶಗಳಿಂದ ಬರುವವರ ಮೇಲೆ ಮೊದಲ ಬಾರಿಗೆ ನಿಯಂತ್ರಣ ಹೇರಿತು. ಅಧಿಕಾರಿ ಒಲ್ಲೆ ಎಂದರೆ ಮುಗಿಯಿತು, ಮೇಲೆ ಕೇಳುವವರಿರಲಿಲ್ಲ. ಸರ್ ರಾಯ್ ವಿಲ್ಸನ್ ಅಧ್ಯಕ್ಷತೆಯ ಸಮಿತಿ 1967ರ ವರದಿಯಲ್ಲಿ ಇದು ಕಾನೂನಿನ ಆಳ್ವಿಕೆಗೆ ಒಪ್ಪುವಂಥದ್ದಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅದರ ಫಲವಾಗಿ ಬಂದ 1969ರ ಕಾಯ್ದೆ ಎರಡು ಹಂತದ ವ್ಯವಸ್ಥೆ ರೂಪಿಸಿತು: ಮೊದಲು ಅಡ್ಜುಡಿಕೇಟರ್ ಎಂಬ ತೀರ್ಪುಗಾರರು, ಅವರ ಮೇಲೆ ಮೇಲ್ಮನವಿ ನ್ಯಾಯಮಂಡಳಿ. 1973ರ ಜನವರಿ 1ರಂದು ಜಾರಿಗೆ ಬಂದ 1971ರ ವಲಸೆ ಕಾಯ್ದೆ ಇದನ್ನು ಉಳಿಸಿಕೊಂಡಿತು.

ಈ ವಿಚಾರಣೆಗಳಲ್ಲಿ ಅರ್ಜಿದಾರರೇ ಇರುತ್ತಿರಲಿಲ್ಲ. ವೀಸಾ ಸಿಗದ ಕಾರಣ ಅವರು ತಮ್ಮ ಊರಿನಲ್ಲೇ ಇರಬೇಕಿತ್ತು. ವೀಸಾ ಅಧಿಕಾರಿ ತನ್ನ ಕಾರಣಗಳನ್ನು ಬರೆದು ಕಳಿಸುತ್ತಿದ್ದ. ಆ ಕಾಗದಕ್ಕೆ ಉತ್ತರ ಕೊಡುವ ಹೊಣೆ ಬ್ರಿಟನ್ನಿನಲ್ಲಿದ್ದ ಮಗನದೋ ತಂಗಿಯದೋ ಆಗಿರುತ್ತಿತ್ತು. ತಾಯಿ ಖಂಡಿತ ಊರಿಗೆ ಮರಳುತ್ತಾರೆ ಎಂದು ಮಗ ಸಾಕ್ಷಿ ನುಡಿಯಬೇಕು, ಅವನ ಮಾತು ನಂಬಬಹುದೇ ಎಂದು ಅಡ್ಜುಡಿಕೇಟರ್ ತೂಗಿ ನೋಡಬೇಕು. ಕೊರತೆ ಎಷ್ಟೇ ಇರಲಿ, ಅಧಿಕಾರಿಯ ಅನುಮಾನವನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದರು.

1993ರ ಆಶ್ರಯ ಮತ್ತು ವಲಸೆ ಮೇಲ್ಮನವಿ ಕಾಯ್ದೆ ಸಂದರ್ಶಕರಿಂದಲೂ ಅಲ್ಪಾವಧಿ ಕೋರ್ಸ್‌ಗಳ ವಿದ್ಯಾರ್ಥಿಗಳಿಂದಲೂ ಈ ಹಕ್ಕನ್ನು ಕಿತ್ತುಕೊಂಡಿತು. ಬದಲಿಗೆ ನೇಮಕವಾದ ಸ್ವತಂತ್ರ ಪರಿವೀಕ್ಷಕರು ಕಡತಗಳನ್ನು ನೋಡಿ ವರದಿ ಕೊಡಬಹುದಿತ್ತೇ ಹೊರತು ಯಾರ ವೀಸಾ ನಿರ್ಧಾರವನ್ನೂ ಬದಲಿಸುವಂತಿರಲಿಲ್ಲ.

1999ರ ಕಾಯ್ದೆಯಡಿ 2000ದ ಅಕ್ಟೋಬರ್‌ನಲ್ಲಿ ಬಂಧುಗಳ ಭೇಟಿಗೆ ಸಂಬಂಧಿಸಿದ ಮೇಲ್ಮನವಿ ಮರಳಿ ಬಂತು. ಆದರೆ ಕಾಗದಪತ್ರಗಳ ಮೇಲಷ್ಟೇ ತೀರ್ಮಾನವಾಗಲು 150 ಪೌಂಡ್, ಮೌಖಿಕ ವಿಚಾರಣೆಗೆ 500 ಪೌಂಡ್ ಶುಲ್ಕ! ಗೆದ್ದರೆ ಹಣ ವಾಪಸು ಬರುತ್ತಿತ್ತು, ಆದರೆ ಮೊದಲು ಅಷ್ಟನ್ನು ಹೊಂದಿಸಬೇಕಲ್ಲ. ಟೀಕೆಗೆ ಮಣಿದ ಸರ್ಕಾರ 2001ರಲ್ಲಿ ಅದನ್ನು 50 ಮತ್ತು 125 ಪೌಂಡ್‌ಗೆ ಇಳಿಸಿತು, 2002ರಲ್ಲಿ ಪೂರ್ತಿ ಕೈಬಿಟ್ಟಿತು.

ಮುಂದಿನ ವರ್ಷಗಳ ಕಾರ್ಯವಿಧಾನ ಹೀಗಿತ್ತು: ನಿರಾಕರಣೆಯ ಪತ್ರ ಕೈಸೇರಿದ 28 ದಿನಗಳೊಳಗೆ, ನಿಗದಿತ ನಮೂನೆಯಲ್ಲಿ, ಅಧಿಕಾರಿಯ ಪ್ರತಿ ಕಾರಣಕ್ಕೂ ಉತ್ತರ ಬರೆದು ಮೇಲ್ಮನವಿ ಸಲ್ಲಿಸಬೇಕು. ವೀಸಾ ಕಚೇರಿಯ ಮೇಲಧಿಕಾರಿ ಅದನ್ನು ಮತ್ತೊಮ್ಮೆ ನೋಡುತ್ತಿದ್ದರು. ಎಷ್ಟೋ ಪ್ರಕರಣಗಳು ಅಲ್ಲಿಯೇ ಇತ್ಯರ್ಥವಾಗುತ್ತಿದ್ದವು. ನ್ಯಾಯಮಂಡಳಿಗೆ ಹೋದರೆ 2002ರ ಕಾಯ್ದೆಯ 85(5)ನೇ ಕಲಂ ಎದುರಾಗುತ್ತಿತ್ತು. ನಿರಾಕರಿಸಿದ ದಿನ ಪರಿಸ್ಥಿತಿ ಹೇಗಿತ್ತೋ ಅದನ್ನಷ್ಟೇ ಪರಿಗಣಿಸಬೇಕು ಎನ್ನುತ್ತಿತ್ತು ಅದು. ಆ ದಿನ ಬ್ಯಾಂಕಿನಲ್ಲಿದ್ದ ಹಣಕ್ಕೆ ಆಮೇಲೆ ಸ್ಟೇಟ್‌ಮೆಂಟ್ ತಂದು ತೋರಿಸಬಹುದಿತ್ತು. ಆಮೇಲೆ ಜಮಾ ಮಾಡಿದ ಹಣ ಲೆಕ್ಕಕ್ಕೆ ಬರುತ್ತಿರಲಿಲ್ಲ. ವಕೀಲರಿಲ್ಲದೆ ಹೋದವರು ಈ ವ್ಯತ್ಯಾಸ ತಿಳಿಯದೆ ಸೋಲುವುದು ಸುಲಭವಿತ್ತು.

2011ರ ಡಿಸೆಂಬರ್‌ನಲ್ಲಿ 80 ಮತ್ತು 140 ಪೌಂಡ್‌ಗಳ ಶುಲ್ಕ ಮರಳಿತು. 2012ರ ಜುಲೈನಲ್ಲಿ ಬಂಧುಗಳ ಪಟ್ಟಿಯಿಂದ ಚಿಕ್ಕಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ, ಅವರ ಮಕ್ಕಳು, ಸೋದರಳಿಯ, ಸೋದರಸೊಸೆ ಹೊರಬಿದ್ದರು. ಜೊತೆಗೆ, ಬ್ರಿಟನ್ನಿನಲ್ಲಿರುವ ಬಂಧು ಅಲ್ಲಿ ಕಾಯಂ ನೆಲೆಸಿದವರೋ ನಿರಾಶ್ರಿತರ ರಕ್ಷಣೆ ಪಡೆದವರೋ ಆಗಿರಬೇಕಾಯಿತು. ಉದಾಹರಣೆಗೆ, ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದ ಬೆಂಗಳೂರಿನ ಎಂಜಿನಿಯರ್‌ನ ತಂದೆತಾಯಿಗೆ ಆಗಲೇ ಬಾಗಿಲು ಮುಚ್ಚಿತು. 2013ರ ಅಪರಾಧ ಮತ್ತು ನ್ಯಾಯಾಲಯಗಳ ಕಾಯ್ದೆಯ 52ನೇ ಕಲಂ ಜೂನ್ 25ರಂದು ಉಳಿದವರಿಗೂ ಮುಚ್ಚಿತು. ಗೆಲ್ಲುವವರಲ್ಲಿ ಹೆಚ್ಚಿನವರು ಹೊಸ ದಾಖಲೆ ತಂದೇ ಗೆಲ್ಲುತ್ತಿದ್ದಾರೆ, ಹೊಸ ಅರ್ಜಿ ಹಾಕಿದರೆ ಬೇಗ ಆಗುತ್ತದೆ ಎಂಬುದು ಸರ್ಕಾರದ ವಾದ. ದಾಖಲೆ ಕಡಿಮೆ ಬಿದ್ದವರಿಗೆ ಈ ಮಾತು ಒಪ್ಪುತ್ತದೆ; ಸುಳ್ಳುಗಾರರೆಂದು ಅನ್ಯಾಯವಾಗಿ ಅನುಮಾನಕ್ಕೊಳಗಾದವರಿಗೆ ಇದರಿಂದ ಏನೂ ಸಿಗಲಿಲ್ಲ.

ಆದರೆ ಮಾನವ ಹಕ್ಕಿನ ಆಧಾರದ ಮೇಲ್ಮನವಿ ಉಳಿಯಿತು. ಮೊಸ್ತಫಾ ಪ್ರಕರಣದಲ್ಲಿ (2015) ಮೇಲ್ಹಂತದ ನ್ಯಾಯಮಂಡಳಿ ಅದನ್ನು ಬಹುಮಟ್ಟಿಗೆ ಗಂಡ–ಹೆಂಡತಿ, ತಂದೆತಾಯಿ–ಅಪ್ರಾಪ್ತ ಮಕ್ಕಳ ಸಂಬಂಧಗಳಿಗೆ ಸೀಮಿತಗೊಳಿಸಿತು. ಮಿಕ್ಕವರಿಗೆ ಇರುವುದು ನ್ಯಾಯಾಂಗ ಪುನರ್ವಿಮರ್ಶೆ: ಮೊದಲು ನೋಟಿಸ್ ಪತ್ರ, ಉತ್ತರಕ್ಕೆ ಸಾಮಾನ್ಯವಾಗಿ 14 ದಿನ, ವಿಳಂಬವಿಲ್ಲದೆ, ಎಷ್ಟೇ ತಡವಾದರೂ ಮೂರು ತಿಂಗಳೊಳಗೆ ಅರ್ಜಿ. ಅಲ್ಲಿ ನಿರ್ಧಾರ ಕಾನೂನುಬದ್ಧವೇ ಎಂದು ನೋಡುತ್ತಾರೆ, ವೀಸಾ ಕೊಡಬೇಕಿತ್ತೇ ಎಂದು ಹೊಸದಾಗಿ ತೀರ್ಮಾನಿಸುವುದಿಲ್ಲ.

ಯುರೋಪಿನ ಷೆಂಗೆನ್ ದೇಶಗಳು ಬೇರೆ ದಾರಿ ಹಿಡಿದವು. ಅಲ್ಲಿನ 2009ರ ವೀಸಾ ಸಂಹಿತೆಯ 32ನೇ ವಿಧಿ ಮೇಲ್ಮನವಿಯನ್ನು ಹಕ್ಕಾಗಿಸಿದೆ. ಯಾವುದಾದರೊಂದು ಹಂತದಲ್ಲಿ ಅದು ನ್ಯಾಯಾಲಯವನ್ನು ತಲುಪಲೇಬೇಕೆಂದು ಐರೋಪ್ಯ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು.

ಬ್ರಿಟನ್ನಿನ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕುವವರು ಹಿಂದಿನ ನಿರಾಕರಣೆಯನ್ನು ತಿಳಿಸಲೇಬೇಕು. ಬೇಕೆಂದು ಮುಚ್ಚಿಟ್ಟದ್ದು ವಂಚನೆಯೆಂದು ಸಾಬೀತಾದರೆ 10 ವರ್ಷ ವೀಸಾ ಸಿಗದಿರಬಹುದು. ಹೀಗಾಗಿ ಯಾವ ನ್ಯಾಯಮಂಡಳಿಯೂ ಪರೀಕ್ಷಿಸದ ಮೊದಲ ಅಧಿಕಾರಿಯ ಅನುಮಾನ ಮುಂದಿನ ಪ್ರತಿ ಅರ್ಜಿಯ ಜೊತೆಗೂ ಹೋಗುತ್ತದೆ.