ಕೋಟಿನ ಮೇಲಿನ ಒಂದು ಪುಟ್ಟ ಗುರಾಣಿ

ಲಾಂಛನ ಎಂದೊಡನೆ ನಿಮಗೆ ನೆನಪಾಗುವುದು ನಮ್ಮ ಗಂಡಭೇರುಂಡ ಅಥವಾ ಅಶೋಕಸ್ತಂಭದ ಸಿಂಹಗಳು, ಅಲ್ಲವೇ? ಇಂದು ನಾವು ನೋಡಲಿರುವುದು ಕೋಟಿನ ಅಂಚಿಗೆ ಸಿಕ್ಕಿಸಿಕೊಳ್ಳುವಷ್ಟು ಪುಟ್ಟದು. ನಮ್ಮ ಕ್ಯಾಮೆರಾದವರ ಮಾತಿನಲ್ಲಿ ಹೇಳುವುದಾದರೆ, ಇದಕ್ಕೆ ಕ್ಲೋಸ್-ಅಪ್ ಬೇಕೇ ಬೇಕು. ಇದು ಆಸ್ಟ್ರೇಲಿಯಾದ ಮಾಜಿ ಯೋಧರ ಸಂಘದ ಬ್ಯಾಡ್ಜು.

ಸಂಘ ಹುಟ್ಟಿದ್ದು 1916ರ ಜೂನ್‌ನಲ್ಲಿ. ಹಿಂದಿನ ವರ್ಷ ಗಲಿಪೊಲಿಯ ಕಡಲತೀರದಲ್ಲಿ ಇಳಿದಿದ್ದವರಲ್ಲಿ ಕೈಕಾಲು, ಕಣ್ಣು ಕಳೆದುಕೊಂಡವರು ಊರಿಗೆ ಮರಳುತ್ತಿದ್ದರು. ಅವರಿಗೆ ಪಿಂಚಣಿ, ಚಿಕಿತ್ಸೆ, ಕೆಲಸ ಬೇಕಿತ್ತು. 50 ಲಕ್ಷದಷ್ಟೂ ಜನರಿಲ್ಲದ ಆ ದೇಶದಿಂದ ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿದವರು 4 ಲಕ್ಷಕ್ಕೂ ಹೆಚ್ಚು. ಸತ್ತವರು 60 ಸಾವಿರಕ್ಕೂ ಹೆಚ್ಚು. ಈ ಬ್ಯಾಡ್ಜು ಅಂಗಡಿಯಲ್ಲಿ ಕೊಳ್ಳುವ ವಸ್ತುವಾಗಿರಲಿಲ್ಲ. ಧರಿಸುವವನು ಯುದ್ಧಭೂಮಿಯಿಂದ ಮರಳಿದವನಾಗಿರಬೇಕಿತ್ತು.

ಈಗ ಹತ್ತಿರದಿಂದ ನೋಡಿ. ಗುರಾಣಿಯ ಆಕಾರ, ತಲೆಯ ಮೇಲೆ ಬ್ರಿಟಿಷ್ ಕಿರೀಟ. ಬಣ್ಣಗಳು ಮೂರು, ಎನಾಮಲ್‌ನವು. ಎನಾಮಲ್ ಎಂದರೆ ಲೋಹದ ಮೇಲೆ ಕರಗಿಸಿ ಕೂಡಿಸಿದ ಗಾಜಿನ ಪುಡಿ. ಆದ್ದರಿಂದ ಬಣ್ಣ ಸುಲಭವಾಗಿ ಮಾಸದು. ಕೆಂಪು, ಯುದ್ಧದಲ್ಲಿ ಬೆಸೆದ ರಕ್ತಸಂಬಂಧಕ್ಕೆ. ಬಿಳಿ, ಉದ್ದೇಶದ ಶುದ್ಧತೆಗೆ. ನೀಲಿ, ನೀಲಿ ಆಕಾಶದ ಕೆಳಗೆ ಎಲ್ಲಿದ್ದರೂ ಸಂಗಾತಿಗೆ ನೆರವಾಗುವ ಸಿದ್ಧತೆಗೆ. ಬಿಳಿಯ ವಿವರಣೆ ನನಗೆ ಸ್ವಲ್ಪ ಭಾಷಣದಂತೆ ಕೇಳಿಸುತ್ತದೆ, ನೀಲಿಯದು ಹಾಗಲ್ಲ.

ಗಿಡಗಳೂ ಇವೆ. ಇಂಗ್ಲೆಂಡಿಗೆ ಗುಲಾಬಿ, ಸ್ಕಾಟ್ಲೆಂಡಿಗೆ ಮುಳ್ಳಿನ ಥಿಸಲ್ ಹೂ, ಐರ್ಲೆಂಡಿಗೆ ಮೂರೆಲೆಯ ಶ್ಯಾಮ್ರಾಕ್, ವೇಲ್ಸಿಗೆ ಈರುಳ್ಳಿಯ ಬಂಧು ಲೀಕ್. ವಲಸೆ ಬಂದವರ ಅಜ್ಜ-ಮುತ್ತಜ್ಜಂದಿರ ಊರುಗಳಿವು. ಇವುಗಳ ಜೊತೆಗೆ ಆಸ್ಟ್ರೇಲಿಯಾದ್ದೇ ಆದ ವಾಟಲ್. ಇದು ಅಕೇಷಿಯಾ ಕುಲದ ಗಿಡ. ನಮ್ಮ ಮಲೆನಾಡಿನ ನೆಡುತೋಪುಗಳಲ್ಲಿ ನೀವು ಕಂಡಿರುವ ಅಕೇಷಿಯಾ ಮರವೂ ಅದೇ ದೇಶದಿಂದ ಬಂದದ್ದು.

ನಡುವೆ ಮನುಷ್ಯರಿದ್ದಾರೆ, ಮತ್ತು ನಿಜವಾದ ಇತಿಹಾಸ ಇರುವುದು ಅಲ್ಲೇ. ಮೊದಲಿಗೆ ಇದ್ದವರು ಇಬ್ಬರು: ಒಬ್ಬ ನಾವಿಕ, ಒಬ್ಬ ಸೈನಿಕ. 1940ರಲ್ಲಿ ಸಂಘದ ಹೆಸರಿಗೆ ವಾಯುಪಡೆಯವರೂ ಸೇರಿದರು. ಈಗಿನ ಬ್ಯಾಡ್ಜಿನಲ್ಲಿ ನಾವಿಕ, ಸೈನಿಕ, ವಾಯುಯೋಧರ ಜೊತೆಗೆ ಒಬ್ಬ ಮಹಿಳೆಯೂ ತೋಳು ಹೆಣೆದು ನಡೆಯುತ್ತಾಳೆ. ಆದರೆ ಮೊದಲ ಮಹಾಯುದ್ಧದಲ್ಲೇ 2 ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ ದಾದಿಯರು ಹೊರದೇಶಗಳಲ್ಲಿ ದುಡಿದಿದ್ದರು. ಅವರಲ್ಲಿ ಕೆಲವರು ನಮ್ಮ ಮುಂಬಯಿಯಲ್ಲೂ ಗಾಯಾಳುಗಳನ್ನು ನೋಡಿಕೊಂಡರು. ಚಿತ್ರದೊಳಗೆ ಬರಲು ಮಹಿಳೆ ಎಷ್ಟು ಕಾಯಬೇಕಾಯಿತು ನೋಡಿ!

ಇನ್ನೂ ಕೆಲವರು ಹೆಚ್ಚು ಕಾಲ ಹೊರಗುಳಿದರು. ಯುರೋಪಿಯನ್ ಮೂಲದವರಲ್ಲದವರನ್ನು ಸೈನ್ಯಕ್ಕೆ ಸೇರಿಸಬಾರದೆಂಬ ನಿಯಮ ಅಲ್ಲಿತ್ತು. 1917ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿದರು, ಅದೂ ತಂದೆತಾಯಿಯರಲ್ಲಿ ಒಬ್ಬರು ಬಿಳಿಯರಾಗಿದ್ದರೆ ಮಾತ್ರ. ಆದರೂ ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದರು. ಮರಳಿದ ಯೋಧರಿಗೆ ಸರ್ಕಾರ ಜಮೀನು ಹಂಚಿದಾಗ ಅದು ಸಿಕ್ಕಿದ್ದು ಅವರಲ್ಲಿ ಬೆರಳೆಣಿಕೆಯಷ್ಟು ಜನಕ್ಕೆ. ಗಲಿಪೊಲಿಯ ನೆನಪಿನ ದಿನವಾದ ಏಪ್ರಿಲ್ 25ರಂದು ಮಾತ್ರ ಸಂಘದ ಕೆಲವು ಶಾಖೆಗಳ ಬಾಗಿಲು ಅವರಿಗೆ ತೆರೆಯುತ್ತಿತ್ತು; ಉಳಿದ ದಿನ ಇಲ್ಲ. ನೀಲಿ ಬಣ್ಣದ ಅರ್ಥವನ್ನು ಇಲ್ಲಿ ಮತ್ತೊಮ್ಮೆ ಓದಿಕೊಳ್ಳಿ.

ಆ ಗುರಾಣಿಯ ವಾಟಲ್ ಇದೆಯಲ್ಲ, ಅದರ ಅಂಟನ್ನೂ ಬೀಜವನ್ನೂ ಈ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ತಿನ್ನುತ್ತ ಬಂದವರು. 1988ರಲ್ಲಿ ಹೊನ್ನಿನ ಬಣ್ಣದ ಒಂದು ವಾಟಲ್ ಆಸ್ಟ್ರೇಲಿಯಾದ ರಾಷ್ಟ್ರಪುಷ್ಪವಾಯಿತು.