ಭೋರ್ ದಾರಿ, ಮುಂಬಯಿ ಕಾಯ್ದೆ, ನಮ್ಮ ಫ್ಲ್ಯಾಟು
ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಸ್ಸಲ್ಲಿ ಪುಣೆಗೆ ಬರುವಾಗ ಕಾಪೂರ್‌ಹೋಳ್ ಸಿಗುತ್ತೆ. ಭೋರ್‌ಗೆ ತಿರುಗೋದು ಅಲ್ಲೇ. ಪಂತ ಸಚಿವರ ಆ ಸಂಸ್ಥಾನ 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಧಾರವಾಡ, ಬೆಳಗಾವಿ ಆಗಲೇ ಅದರಲ್ಲಿದ್ದವು. 1956ರವರೆಗೆ ಭೋರ್‌ನವರಿಗೂ ನಮ್ಮಜ್ಜಂದಿರಿಗೂ ಸರ್ಕಾರ ಒಂದೇ!

ಆ ಸರ್ಕಾರದ 1947ರ ಬಾಡಿಗೆ ಕಾಯ್ದೆಗೆ ಪಗಡಿ ಅಂದ್ರೆ ಆಗ್ತಿರಲಿಲ್ಲ. ಬಾಡಿಗೆಯ ಮೇಲೆ ಕೈಗಡ ಹಣ ಕಿತ್ತ ಮಾಲೀಕನಿಗೆ ಜೈಲು, ದಂಡ ಎರಡೂ ಇತ್ತು. ಆದ್ರೂ ಪಗಡಿ ನಿಲ್ಲಲಿಲ್ಲ ಬಿಡಿ. 1999ರ ಮಹಾರಾಷ್ಟ್ರ ಕಾಯ್ದೆ ಅದನ್ನ ಒಪ್ಪಿಕೊಂಡೇ ಬಿಟ್ಟಿತು. ಬದಲಿಗೆ ಅಪರಾಧ ಕಾಗದದ ಕಡೆ ಜರುಗಿತು: ಕರಾರು ಬರಹದಲ್ಲಿರಬೇಕು, ನೋಂದಣಿ ಆಗಿರಬೇಕು, ಮಾಡಿಸೋ ಹೊಣೆ ಮಾಲೀಕನದು. ಇದು 55ನೇ ಕಲಮು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಐದು ಸಾವಿರ ಇವತ್ತು ಒಂದು ಮಂಚದ ಬಾಡಿಗೆಗೂ ಸಾಲದು, ನನ್ನ ಪ್ರಕಾರ ಅದು ದಂಡವೇ ಅಲ್ಲ. ನಿಜವಾದ ಹಲ್ಲಿರೋದು ಬೇರೆ ಸಾಲಲ್ಲಿ. ನೋಂದಣಿ ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತೆ; ಸುಳ್ಳು ಅಂತ ಸಾಬೀತು ಆಗೋವರೆಗೆ. ಅಡ್ವಾನ್ಸ್ ವಾಪಸ್ ಕೇಳೋಕೆ ಹೆದರೋ ನಮ್ಮ ಹುಡುಗರಿಗೆ ಇದು ಗೊತ್ತೇ ಇರಲ್ಲ.

ಫ್ಲ್ಯಾಟಲ್ಲಿ ಐದು ಜನ ಇದ್ದೀರಾ? ಕರಾರಲ್ಲಿ ಎಷ್ಟು ಹೆಸರಿದೆ, ಇವತ್ತೇ ತೆಗೆದು ನೋಡಿ.